ವಾಪಸ್ ಬಂದದ್ದು ಎಷ್ಟು ಸಲ?

ಮೊನ್ನೆ ಭಾನುವಾರ ಯಲಹಂಕದ ಮಾವನ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಅತ್ತೆ ಒಬ್ಬಟ್ಟಿನ ಮೇಲೆ ತುಪ್ಪ ಹಾಕುತ್ತಿದ್ದರು. ಮಾವ ಇದ್ದಕ್ಕಿದ್ದಂತೆ ಕೇಳಿದರು: "ಕ್ಯಾಪ್ಟನ್ ಆಗಿ ಒಂದೂವರೆ ವರ್ಷ ಆಯ್ತಲ್ಲ ಪುಟ್ಟಿ, ವಾಪಸ್ ಎಷ್ಟು ಸಲ ಬಂದಿದ್ದೀಯ?"

ಎಷ್ಟು ಗಂಟೆ ಹಾರಿದ್ದೀಯ, ಸಂಬಳ ಎಷ್ಟು, ರಾತ್ರಿ ನಿದ್ದೆ ಬರಲ್ವಾ, ಇವನ್ನೆಲ್ಲ ಎಲ್ಲರೂ ಕೇಳುತ್ತಾರೆ. ಇದನ್ನು ಯಾರೂ ಕೇಳಿರಲಿಲ್ಲ.

"ಒಂದೇ ಸಲ ಮಾವ. ಈ ಮಂಗಳವಾರ."

ಮಂಗಳವಾರ ರಾತ್ರಿ ಬೆಂಗಳೂರಿನಿಂದ ಕೊಚ್ಚಿಗೆ ಹೊರಟಿದ್ದೆವು. ಎಟಿಆರ್ 72 ಸರಕು ವಿಮಾನ, ಏಳು ಟನ್ ಪಾರ್ಸೆಲ್ಲು, ಔಷಧಿ. ಕೊಚ್ಚಿಯಲ್ಲಿ ಇಳಿಯಲು ಬರುವ ಅಪ್ರೋಚ್ ದಾರಿಯ ಮೇಲೆಯೇ ಗುಡುಗು ಮೋಡ ಕೂತಿತ್ತು. ರಡಾರ್ ಪರದೆ ತುಂಬ ಕೆಂಪು. ಎರಡು ಸುತ್ತು ಕಾದೆ, ಕದಲಲಿಲ್ಲ. ಇನ್ನೂ ಕಾದರೆ ಬೆಂಗಳೂರಿಗೆ ಮರಳಲು ಇಟ್ಟ ಇಂಧನಕ್ಕೆ ಕೈ ಹಾಕಬೇಕಾಗುತ್ತಿತ್ತು. ತಿರುಗಿಸಿದೆ. ನಾವು ಹೊರಟು ಇಪ್ಪತ್ತು ನಿಮಿಷಕ್ಕೆ ಅಲ್ಲಿ ಒಂದು ಜೆಟ್ ಇಳಿಯಿತಂತೆ. ಬೆಳಿಗ್ಗೆ ಆಫೀಸಿನಿಂದ ಫೋನು: "ಬೇರೆಯವರು ಇಳಿದ್ರಲ್ಲ ಮೇಡಂ?" ಆ ಮನುಷ್ಯ ದನಿ ಏರಿಸಲಿಲ್ಲ. ವಿವರಣೆ ಬರೆದು ಕಳಿಸಿ ಎಂದಷ್ಟೇ ಹೇಳಿ ಇಟ್ಟ. ದನಿ ಏರಿಸಿದ್ದರೇ ಚೆನ್ನಾಗಿತ್ತು, ನಾನೂ ಏರಿಸುತ್ತಿದ್ದೆ. ಆ ಒಂದು ಸಾಲು ನಾಲ್ಕು ದಿನ ನನ್ನೊಳಗೆ ಕೊರೆಯುತ್ತಲೇ ಇತ್ತು.

ಊಟಕ್ಕೆ ಕೂತಿದ್ದ ನನ್ನ ಅಕ್ಕನ ಗಂಡ ಇದನ್ನೆಲ್ಲ ಕೇಳಿ, "ಹಿಂದೆ ಜನ ಇರಲ್ವಲ್ಲ, ಪಾರ್ಸೆಲ್ ತಾನೆ, ಅಷ್ಟೊಂದು ಯೋಚನೆ ಯಾಕೆ?" ಎಂದರು. ಭಾವ ಒಳ್ಳೆಯವರು, ನಮ್ಮಮ್ಮನ ಆಪರೇಷನ್ನಿಗೆ ಮೂರು ರಾತ್ರಿ ಆಸ್ಪತ್ರೆಯಲ್ಲಿ ಮಲಗಿದವರು. ಆದರೂ ಆ ಮಾತು ನನಗೆ ಚುಚ್ಚಿತು. ಮಾವ ಅವರ ಕಡೆ ನೋಡದೆಯೇ ಅಂದರು: "ಅರುಣಾಚಲದ ಗಡಿಯ ಮೆಚುಕಾಗೆ ನಾನು ಒಯ್ದದ್ದೂ ಹೆಚ್ಚಾಗಿ ಅಕ್ಕಿ, ಬೇಳೆ, ಸೀಮೆಎಣ್ಣೆನೇ. ಮುಂದೆ ನಾವು ಐದು ಜನ ಕೂತಿರ್ತಿದ್ವಿ."

ಮಾವ ವಾಯುಪಡೆಯಲ್ಲಿ ಎಎನ್-32 ಸರಕು ವಿಮಾನ ಹಾರಿಸಿದವರು. ಇದೇ ಯಲಹಂಕದಲ್ಲಿ ತರಬೇತಿ, ಆಮೇಲೆ ಚಂಡೀಗಢ, ಜೋರ್ಹಾಟ್. ನಾನು ಪೈಲಟ್ ಆಗಬೇಕೆಂದಾಗ ಮನೆಯಲ್ಲಿ ಹಿಂಜರಿಯದೆ ಹೂಂ ಅಂದದ್ದು ಅವರೊಬ್ಬರೇ. ಆದರೂ ಹಾರಾಟದ ಬಗ್ಗೆ ನಾವಿಬ್ಬರೂ ಸರಿಯಾಗಿ ಕೂತು ಮಾತಾಡಿದ್ದು ಮೊನ್ನೆಯೇ ಮೊದಲು. ಕೈ ತೊಳೆದು ಜಗುಲಿಗೆ ಬಂದವರು ಸಂಜೆಯಾದರೂ ಏಳಲಿಲ್ಲ.

ನನ್ನ ವಿಮಾನ, ಅವರ ವಿಮಾನ, ಎರಡೂ ಟರ್ಬೊಪ್ರಾಪ್, ಅಂದರೆ ಟರ್ಬೈನ್ ಪ್ರೊಪೆಲ್ಲರ್ ತಿರುಗಿಸುವಂಥವು, ಎರಡಕ್ಕೂ ರೆಕ್ಕೆ ಮೇಲೆ, ಎರಡೂ ಆರೇಳು ಟನ್ ಹೊರುವಂಥವು. ಅಲ್ಲಿಗೆ ಹೋಲಿಕೆ ಮುಗಿಯಿತು. ನನ್ನ ವಿಮಾನದ ಒಂದೊಂದು ಎಂಜಿನ್ 2,750 ಅಶ್ವಶಕ್ತಿಯದು. ಅವರದು ಒಂದೊಂದೂ 5,100. ಎಎನ್-32ರ ಗರಿಷ್ಠ ತೂಕ 27 ಟನ್, ನಮ್ಮದಕ್ಕಿಂತ ನಾಲ್ಕೈದು ಟನ್ ಮಾತ್ರ ಹೆಚ್ಚು. ಶಕ್ತಿ ಮಾತ್ರ ಹತ್ತಿರ ಹತ್ತಿರ ಎರಡರಷ್ಟು. ಬಿಸಿಲು ಮತ್ತು ಎತ್ತರ ಎರಡನ್ನೂ ತಾಳಬೇಕೆಂದೇ ಕಟ್ಟಿದ ವಿಮಾನ ಅದು. 1984ರಿಂದ ನಮ್ಮ ವಾಯುಪಡೆಯಲ್ಲಿ ದುಡಿಯುತ್ತಿದೆ. 2008ರ ಮೇ 31ರಂದು ಲಡಾಖ್‌ನಲ್ಲಿ 16,600 ಅಡಿ ಎತ್ತರದ ದೌಲತ್ ಬೇಗ್ ಓಲ್ಡಿಯಲ್ಲಿ ಇಳಿದದ್ದು ಅದೇ. ಅಲ್ಲಿ ಗಾಳಿಯ ಒತ್ತಡ ಕಡಲತೀರದ ಅರ್ಧದಷ್ಟು. ಅಂಥ ಕಡೆ ಎಂಜಿನ್ ಆರಿಸುವುದೇ ಇಲ್ಲ, ಆರಿಸಿದರೆ ಮತ್ತೆ ಹೊತ್ತಿಕೊಳ್ಳುವ ನಂಬಿಕೆಯಿಲ್ಲ ಎಂದರು ಮಾವ.

ನಮ್ಮ ಎಟಿಆರ್ ನೆಲದ ಮೇಲಿರುವಾಗ ಬಲಗಡೆಯ ಎಂಜಿನ್ ಓಡುತ್ತಿದ್ದರೂ ಪ್ರೊಪೆಲ್ಲರ್‌ಗೆ ಬ್ರೇಕ್ ಹಾಕಿ ನಿಲ್ಲಿಸಬಹುದು, ಕರೆಂಟಿಗೆ ಅದೇ ಸಾಕು ಎಂದಾಗ ಅವರಿಗೆ ಮಗುವಿನಷ್ಟು ಸಂತೋಷ. ಎರಡೆರಡು ಸಲ ಹೇಳಿಸಿಕೊಂಡರು. ಅವರ ಎಂಜಿನ್‌ನಲ್ಲಿ ಟರ್ಬೈನೂ ಪ್ರೊಪೆಲ್ಲರೂ ಒಂದೇ ಶಾಫ್ಟಿಗೆ ಜೋಡಿಸಿದವು, ಒಂದು ತಿರುಗಿದರೆ ಇನ್ನೊಂದೂ ತಿರುಗಲೇಬೇಕು. "ಆದರೆ ಲಿವರ್ ತಳ್ಳಿದ ಕೂಡಲೇ ಶಕ್ತಿ ಕೈಗೆ ಸಿಗ್ತಿತ್ತು ಕಣೇ. ಬೆಟ್ಟ ಎದುರಿಗಿದ್ದಾಗ ಅದೇ ದೊಡ್ಡದು."

ಸರಕನ್ನು ಪ್ಯಾರಾಚೂಟಿನಲ್ಲಿ ಬಿಡುವಾಗ ವಿಮಾನ ಹೇಗೆ ವರ್ತಿಸುತ್ತದೆ ಎಂದು ಊಟದ ಬಟ್ಟಲನ್ನೇ ಹಿಡಿದು ತೋರಿಸಿದರು. ಹಿಂಬಾಗಿಲ ಕಡೆ ಮೂಟೆಗಳು ಜಾರುತ್ತಾ ಹೋದಂತೆ ಬಾಲ ಭಾರವಾಗಿ ಮೂಗು ಏಳುತ್ತದೆ, ಅದನ್ನು ಒತ್ತಿ ಹಿಡಿದಿರಬೇಕು. ಕೊನೆಯ ಮೂಟೆ ಬಿದ್ದ ಕ್ಷಣ ಒತ್ತಿದ ಕೈಯನ್ನು ಸಡಿಲಿಸಬೇಕು. ನಮಗೂ ಬಾಲದ ಭಯ ಉಂಟು, ಆದರೆ ನೆಲದ ಮೇಲೆ. ಸರಕು ತುಂಬುವಾಗ ಬಾಲದ ಕೆಳಗೆ ಊರುಗೋಲು ಕೊಟ್ಟಿರುತ್ತಾರೆ.

ಅಷ್ಟು ಹೊತ್ತಿಗೆ ನನಗೆ ಮತ್ತೆ ಆ ಪ್ರಶ್ನೆ ನೆನಪಾಯಿತು. ನೀವು ಎಷ್ಟು ಸಲ ವಾಪಸ್ ಬಂದಿದ್ದೀರಿ ಮಾವ?

"ಹದಿನೇಳು," ಎಂದರು. ಯೋಚಿಸಲೇ ಇಲ್ಲ. ಎಷ್ಟು ಸಾವಿರ ಸಲ ಇಳಿದಿದ್ದೀರಿ ಎಂದರೆ ಲಾಗ್‌ಬುಕ್ ನೋಡಬೇಕು ಎಂದರು.

ಒಳಗೆ ಹೋಗಿ ಲಾಗ್‌ಬುಕ್ ತಂದರು. ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲಿನ ಸಣ್ಣ ಗೀಟು. ಎಣಿಸಿದೆ, ಹದಿನೇಳು. ಹೆಚ್ಚಿನವು ಅರುಣಾಚಲದ ಕಣಿವೆಗಳಲ್ಲಿ. ಅಲ್ಲಿ ಕಣಿವೆಯ ನಡುಮಧ್ಯೆ ಹಾರುವಂತಿಲ್ಲ. ಒಂದು ಬದಿಯ ಬೆಟ್ಟಕ್ಕೆ ಅಂಟಿಕೊಂಡೇ ಹೋಗಬೇಕು, ಆಗ ತಿರುಗಬೇಕೆಂದಾಗ ಕಣಿವೆಯ ಪೂರ್ತಿ ಅಗಲ ಸಿಗುತ್ತದೆ. ನಡುವೆ ಹೋದವನಿಗೆ ಅರ್ಧವೇ ಸಿಗುವುದು. ಮುಂದೆ ಕಣಿವೆ ಕಿರಿದಾಗುತ್ತಾ ಹೋಗುತ್ತದೆ, ನೆಲ ಏರುತ್ತಾ ಬರುತ್ತದೆ, ಒಂದು ಜಾಗ ದಾಟಿದ ಮೇಲೆ ತಿರುಗಲು ಅಗಲವೂ ಇಲ್ಲ, ಏರಲು ಎತ್ತರವೂ ಇಲ್ಲ. ಮೋಡ ಅಲ್ಲೇ ಕಾಯುತ್ತಿರುತ್ತದೆ. "ಆ ಜಾಗಕ್ಕೆ ಮುಂಚೆಯೇ ತೀರ್ಮಾನ ಆಗಿರಬೇಕು," ಎಂದರು. ನ್ಯಾವಿಗೇಟರ್, ಫ್ಲೈಟ್ ಎಂಜಿನಿಯರ್, ಯಾರಿಗೆ ಅನುಮಾನ ಬಂದರೂ ಬಾಯಿಬಿಟ್ಟು ಹೇಳಬೇಕೆಂಬುದು ಅವರ ಕಟ್ಟಪ್ಪಣೆಯಾಗಿತ್ತಂತೆ. ನಮ್ಮಲ್ಲಿ ಇರುವವರೇ ಇಬ್ಬರು. ಆ ರಾತ್ರಿ ನನ್ನ ಪಕ್ಕದಲ್ಲಿದ್ದ ಹುಡುಗ ಏನೂ ಹೇಳಲಿಲ್ಲ. ತಿರುಗಿಸಿದ ಮೇಲೆ, "ಥ್ಯಾಂಕ್ಸ್ ಮೇಡಂ" ಅಂದ. ಮೊದಲೇ ಹೇಳಬೇಕಿತ್ತು ಅವನು. ಹೇಳುವಂಥ ಸಲುಗೆಯನ್ನು ನಾನೂ ಕೊಡಬೇಕಿತ್ತು.

2019ರ ಜೂನ್ 3ರಂದು ಜೋರ್ಹಾಟ್‌ನಿಂದ ಮೆಚುಕಾಗೆ ಹೊರಟ ಎಎನ್-32 ತಲುಪಲಿಲ್ಲ. ಅವಶೇಷ ಸಿಕ್ಕಿದ್ದು ಎಂಟು ದಿನಗಳ ನಂತರ, 12,000 ಅಡಿ ಎತ್ತರದ ಬೆಟ್ಟದಲ್ಲಿ. ಹದಿಮೂರೂ ಜನ ಹೋದರು. ಆಗ ಮಾವ ನಿವೃತ್ತರಾಗಿ ಮನೆಯಲ್ಲಿದ್ದರು. ಆ ಎಂಟು ದಿನ ಮನೆಯಲ್ಲಿ ಟಿವಿ ಹಾಕಲು ಬಿಡಲಿಲ್ಲ ಎಂದು ಅತ್ತೆ ಹೇಳಿದರು. ಮಾವ ಮಾತ್ರ ಆ ವಿಷಯ ಎತ್ತಲೇ ಇಲ್ಲ, ನಾನೂ ಎತ್ತಲಿಲ್ಲ.

"ವಾಪಸ್ ಬಂದಾಗ ನಿಮ್ಮನ್ನು ಯಾರಾದರೂ ಯಾಕೆ ಅಂತ ಕೇಳ್ತಿದ್ರಾ?" ಎಂದೆ.

"ಕೇಳ್ತಿದ್ರು. ಮೋಡ ಇತ್ತು ಸರ್ ಅಂತಿದ್ದೆ. ಟೀ ಕುಡಿ ಅಂತಿದ್ರು."

ಆ 'ಟೀ ಕುಡಿ' ಎನ್ನುವ ಮಾತು ಕೇಳಿ ನನಗೆ ಕಣ್ಣು ತುಂಬಿ ಬಂತು. ಮೇಲೆಲ್ಲೋ ಒಂದು ಕಂಪನಿಯೂ ಒಂದು ಲೆಕ್ಕವೂ ಕೂತಿರುವ ಕಡೆ ಹಾಗೆ ಹೇಳುವವರು ಇರಬಾರದೇನು? ಗಡಿಯ ಯೋಧ ಅಕ್ಕಿಗಾಗಿ ಇನ್ನೊಂದು ದಿನ ಕಾಯಬಲ್ಲನಾದರೆ ಕೊಚ್ಚಿಯ ಪಾರ್ಸೆಲ್ಲಿಗೆ ಯಾಕೆ ಅಷ್ಟು ಅವಸರ? ಪ್ರತಿ ರಾತ್ರಿ ನಮ್ಮ ಆಕಾಶದಲ್ಲಿ ಹೀಗೆ ಎಷ್ಟೋ ಪೈಲಟ್‌ಗಳು ಮೋಡದ ಮುಂದೆ ನಿಂತು, ಬೆಳಗಿನ ಫೋನಿನ ಉತ್ತರವನ್ನು ಮನಸ್ಸಿನಲ್ಲೇ ಕಟ್ಟುತ್ತಿರುತ್ತಾರೆ. ಆ ಹೊತ್ತಿನಲ್ಲಿ ಅವರ ಗಮನವೆಲ್ಲ ಮೋಡದ ಮೇಲಿರಬೇಕು.

ಕಂಪನಿಗೆ ಬರೆದಿದ್ದ ವಿವರಣೆ ಎರಡು ಪುಟ ಇತ್ತು. ಆ ಜೆಟ್ ಇಳಿದಾಗ ಗಾಳಿ ಹೇಗಿತ್ತು, ಮೋಡ ಎಷ್ಟು ಸರಿದಿತ್ತು ಎಂದೆಲ್ಲ ಲೆಕ್ಕ ಕೊಟ್ಟಿದ್ದೆ. 'ತೊಂದರೆಗಾಗಿ ವಿಷಾದಿಸುತ್ತೇನೆ' ಎಂದೂ ಇತ್ತು. ಭಾನುವಾರ ರಾತ್ರಿ ಎಲ್ಲ ಅಳಿಸಿದೆ. ಅಪ್ರೋಚ್ ಮೇಲೆ ಗುಡುಗು ಮೋಡ ಇತ್ತು, ಎರಡು ಸುತ್ತು ಕಾದೆ, ವಾಪಸ್ ಬಂದೆ ಎಂದಷ್ಟೇ ಬರೆದು ಕಳಿಸಿದೆ.

ಉತ್ತರ ಇನ್ನೂ ಬಂದಿಲ್ಲ. ನಾಳೆ ರಾತ್ರಿ ಮತ್ತೆ ಕೊಚ್ಚಿ. ಪಕ್ಕದಲ್ಲಿ ಅದೇ ಹುಡುಗ.