ಬಾಳ ಛಲೋ ಮಾಡಿದ್ದಕ್ಕ ರಿಜೆಕ್ಟ್ ಆದ ಬ್ರೇಕ್ ಡ್ರಮ್

ಫೌಂಡ್ರಿ (ಲೋಹ ಕರಗಿಸಿ ಎರಕ ಹೊಯ್ಯೂ) ಲೈನಿನ್ಯಾಗ ರಿಜೆಕ್ಷನ್ ಅಂದ್ರ ಹೊಸಾದೇನಲ್ಲ. ಬ್ಲೋ ಹೋಲ್, ಕೋರ್ ಶಿಫ್ಟ್, ಸ್ಯಾಂಡ್ ಡ್ರಾಪ್, ಹಾರ್ಡ್ ಸ್ಪಾಟ್ ಬಂದು ಮಷಿನ್‌ನ ಕತ್ತರಿಸೂ ಇನ್ಸರ್ಟ್ ಮುರದದ್ದು, ಹಿಂತಾ ಎರಕದ ದೋಷ ಎಲ್ಲಾದಕ್ಕೂ ಒಂದೊಂದು ಕೋಡ್ ಐತಿ, ದಿನಾ ಮುಂಜಾನೆ ಮೀಟಿಂಗ್‌ನ್ಯಾಗ ಬೈಸ್ಕೊಂಡು ಚಾ ಕುಡದು ಕೆಲಸಕ್ಕ ಹತ್ತತೀವಿ. ಆದ್ರ "ಪೀಸ್ ಬಾಳ ಛಲೋ ಐತಿ, ಅದಕ್ಕ ಬ್ಯಾಡ" ಅಂತ ವಾಪಸ್ ಬಂದದ್ದು ನನ್ನ ಸರ್ವಿಸ್‌ನ್ಯಾಗ ಇದೊಂದ. ಕ್ಯೂಸಿ (ಮಾಲು ತಪಾಸಣಿ) ಶೀಟ್‌ನ್ಯಾಗ ಇದಕ್ಕ ಕೋಡ್ ಇಲ್ಲ, ನಮ್ಮ ಹುಡುಗ ತಲಿ ಕೆರಕೊಂಡು "ಅದರ್ಸ್" ಅಂತ ಟಿಕ್ ಮಾಡಿದ.

ನಾ ಬೆಳಗಾವಿ ಉದ್ಯಮಬಾಗದಾಗ ಒಂದು ಫೌಂಡ್ರಿ ಕಮ್ ಮಷಿನ್ ಶಾಪ್‌ನ್ಯಾಗ ಎನ್‌ಪಿಡಿ, ಅಂದ್ರ ಹೊಸಾ ಮಾಲು ತಯಾರ್ ಮಾಡೂ ಕೆಲಸ, ನೋಡ್ತೀನಿ. ಪಂಪ್ ಬಾಡಿ, ಟ್ರಾಕ್ಟರ್ ಹೌಸಿಂಗ್, ಹೈಡ್ರಾಲಿಕ್ ಕಾಸ್ಟಿಂಗ್, ಇಷ್ಟ ನಮ್ಮ ಜಗತ್ತು. ಅದರಾಗ ಒಬ್ಬ ಪುಣೆ ಎಕ್ಸ್‌ಪೋರ್ಟರ್ ಕಡಿಂದ ಒಂದು ಆರ್‌ಎಫ್‌ಕ್ಯೂ (ರೇಟ್ ಕೇಳೂ ಪತ್ರ) ಬಂತು, ಅಮೆರಿಕಾದ ಒಬ್ಬ ಪಾರ್ಟಿಗೆ ಹಳೇ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಮುಂದಿನ ಬ್ರೇಕ್ ಡ್ರಮ್ ಬೇಕಂತ. ಐದು ಬೋಲ್ಟಿಂದು, ಪಿಸಿಡಿ, ಅಂದ್ರ ಬೋಲ್ಟ್ ತೂತಿನ ಸುತ್ತಿನ ವ್ಯಾಸ, 205 ಮಿಮೀ. ಬೀಟಲ್ ಮೆಕ್ಸಿಕೋದಾಗ 2003ಕ್ಕ ಬಂದ್ ಆತು, ಅದೂ ಇವರಿಗೆ ಬೇಕಾದದ್ದು ಅರವತ್ತರ ದಶಕದ ಮಾಡೆಲ್ ಡ್ರಮ್, ಈಗ ಯಾರಿಗೆ ಬೇಕಪಾ ಇದು ಅಂತ ಕೇಳಿದ್ರ, ರೇಸ್‌ಗೆ ಅಂದ್ರು.

ಫಾರ್ಮುಲಾ ವೀ ಅಂತ ಒಂದು ಕ್ಲಾಸ್ ಐತ್ರಿ. ನೋಡಾಕ ಸಣ್ಣ ಫಾರ್ಮುಲಾ ಕಾರ್ ಇದ್ದಂಗ, ಗಾಲಿ ಹೊರಗ, ಒಬ್ಬ ಡ್ರೈವರ್. ಆದ್ರ ಒಳಗಿರೂದು ಪೂರಾ ಬೀಟಲ್ ಸಾಮಾನು. 1192 ಸಿಸಿ ಏರ್ ಕೂಲ್ಡ್ ಇಂಜಿನ್, ಬೀಟಲ್‌ನ ಗೇರ್‌ಬಾಕ್ಸ್, ಮುಂದಿಂದು ಬೀಟಲ್ ಬೀಮ್, ನಾಕೂ ಗಾಲಿಗೆ ಡ್ರಮ್ ಬ್ರೇಕ್, ವಿಂಗ್ ಇಲ್ಲ. ಫ್ಲಾರಿಡಾದ ಫೋಕ್ಸ್‌ವ್ಯಾಗನ್ ಡೀಲರ್ ಹ್ಯೂಬರ್ಟ್ ಬ್ರಂಡೇಜ್ ಅನ್ನಾಂವ ಇಟಲಿಯ ನಾರ್ಡಿ ಕಡಿಂದ ಮೊದಲ ಕಾರ್ ಮಾಡಿಸಿದ್ದಂತ, 1963ಕ್ಕ ಅಮೆರಿಕಾದ ಎಸ್‌ಸಿಸಿಎ ಅನ್ನೂ ಕಾರ್ ರೇಸ್ ಕ್ಲಬ್ ಅದಕ್ಕ ಒಂದು ಕ್ಲಾಸ್ ಅಂತ ಜಾಗಾ ಕೊಟ್ಟಿತು. ಆಮ್ಯಾಲ ಫಾರ್ಮುಲಾ ಒನ್ ಚಾಂಪಿಯನ್ ಆದ ನಿಕಿ ಲಾಡಾ, ಎಮರ್ಸನ್ ಫಿಟ್ಟಿಪಾಲ್ಡಿ ಎಲ್ಲಾ ಸಣ್ಣವರಿದ್ದಾಗ ಇದನ್ನ ಓಡಿಸಿದವ್ರು. ಈಗ ಓಡಸವ್ರು ಬಾಳ ಮಂದಿ ವಾರ ಪೂರ್ತಿ ನೌಕರಿ ಮಾಡಿ ಶನಿವಾರ ಐತವಾರ ಟ್ರೇಲರ್ ಎಳಕೊಂಡು ಹೋಗೋ ಮಂದಿ, ಸ್ವಂತ ರೊಕ್ಕ, ಸ್ವಂತ ಪಾನಾ. ಅದಕ್ಕ ಈ ಕ್ಲಾಸಿನ ತಳಪಾಯನ ಸೋವಿ ಸಾಮಾನು, ಎಲ್ಲಾರಿಗೂ ಒಂದ.

ಆರ್‌ಎಫ್‌ಕ್ಯೂ ಕೂಡ ಎರಡು ಪೇಜಿನ ಒಂದು ಪಿಡಿಎಫ್ ಬಂದಿತ್ತು. ಒರಿಜಿನಲ್ ಡ್ರಮ್ ಒಳಗ ತಿರುವಿ ತಿರುವಿ ಓವರ್‌ಸೈಜ್ ಆಗ್ಯಾವ, ಪ್ಯಾಟೆನ್ಯಾಗ ಸಿಗೂ ರಿಪ್ಲೇಸ್‌ಮೆಂಟ್ ಡ್ರಮ್ ರನ್‌ಔಟ್ ಸರಿ ಇರಂಗಿಲ್ಲ (ತಿರಗುವಾಗ ಓಲಾಡ್ತಾವ), ಬೇರಿಂಗ್ ಸೀಟ್ ಲೂಸ್ ಬರ್ತಾವ, ಹಂಗಾಗಿ ಹೊಸಾ ಕಾಸ್ಟಿಂಗ್ ಡ್ರಮ್‌ಗೆ ಪರವಾನಗಿ ಕೊಡ್ರಿ ಅಂತ ಅಲ್ಲಿ ಕ್ಲಬ್ಬಿನ ಮೆಂಬರ್‌ಗೋಳಿಗೆ ಹಂಚಾಕ ಬರದ, ಇನ್ನೂ ಪಾಸ್ ಆಗದ ರೂಲ್‌ನ ಕರಡು. ಷರತ್ತು: ಅಳತಿ ಒರಿಜಿನಲ್‌ದ್ದ, ಮಟೀರಿಯಲ್ ಒರಿಜಿನಲ್ ಜಾತಿದ್ದ, ತೂಕ ಒರಿಜಿನಲ್‌ಗಿಂತ ಕಮ್ಮಿ ಇರಬಾರದು. ಇಷ್ಟ.

ನಾ ಏನ್ ಮಾಡಿದೆ ಅಂದ್ರ ಡ್ರಾಯಿಂಗ್ ಓದಿದಂಗ ಓದಿದೆ. ಅಳತಿ ಎತ್ತಿ ಬರಕೊಂಡೆ, ಉಳದ ವಾಕ್ಯ ಎಲ್ಲಾ ಜನರಲ್ ನೋಟ್ ಅಂತ ಬಿಟ್ಟೆ. "ಹೊಸಾ ಡ್ರಮ್‌ಗೆ ಪರವಾನಗಿ" ಅನ್ನೋದಷ್ಟ ತಲ್ಯಾಗ ಕುಂತಿತು. ಸಾವಕಾರ್ರ ತಲ್ಯಾಗ ಅದಕ್ಕೂ ಮುಂದ ಹೋಗಿ ಕುಂತಿತ್ತು, ಮಾರ್ಕೆಟಿಂಗ್‌ನವ್ರ ಪಿಪಿಟಿ ಒಳಗ ಆಗಲೇ "ಮೋಟರ್‌ಸ್ಪೋರ್ಟ್ ಡಿವಿಜನ್" ಅಂತ ಸ್ಲೈಡ್ ತಯಾರ್, ಒಂದು ರೇಸ್ ಕಾರ್ ಫೋಟೋ, ಬಾಜೂಕ ನಮ್ಮ ಕುಪೋಲಾ ಅನ್ನೂ ಹಳೇ ಕೋಕ್ ಭಟ್ಟಿ ಫೋಟೋ. ನಾವು ಕುಪೋಲಾ ಬಿಟ್ಟು ಕರೆಂಟಿನ ಇಂಡಕ್ಷನ್ ಭಟ್ಟಿಗೆ ಬಂದು ಎಷ್ಟೋ ವರ್ಷ ಆದವು, ಇರ್ಲಿ.

ಸ್ಯಾಂಪಲ್ ಅಂತ ಒಂದು ಹಳೇ ಡ್ರಮ್ ಕೊರಿಯರ್‌ದಾಗ ಬಂತು, ತುಕ್ಕು ಹಿಡದಿದ್ದು. ಸಿಎಂಎಂ (ಅಳತಿ ತಗಿಯೂ ಮಷಿನ್) ಮ್ಯಾಲ ಇಟ್ಟು ಪೂರಾ ಅಳತಿ ತಗದ್ವಿ. ಈ ಡ್ರಮ್ ಬರೇ ಡ್ರಮ್ ಅಲ್ಲ, ಗಾಲಿಯ ಹಬ್ಬೂ ಅದ, ನಡುವ ಎರಡೂ ಬೇರಿಂಗ್ ರೇಸ್ (ಬೇರಿಂಗ್‌ನ ಹೊರಗಿನ ಉಂಗುರ) ಅದರಾಗ ಪ್ರೆಸ್ ಆಗ್ತಾವ. ಅಂದ್ರ ಬೇರಿಂಗ್ ಬೋರಿಗೂ ಬ್ರೇಕ್ ಶೂ ತಿಕ್ಕೂ 230 ಮಿಮೀ ಡಯಾಕ್ಕೂ ಕಾನ್ಸೆಂಟ್ರಿಸಿಟಿ (ಎರಡರ ನಡುಬಿಂದು ಒಂದ ಇರೂದು) ಒಂದ ಸೆಟ್ಟಿಂಗ್‌ನ್ಯಾಗ ಬರಬೇಕು, ಮಷಿನ್‌ನ ಜಾ (ಪೀಸ್ ಹಿಡಿಯೂ ದವಡಿ) ಬಿಚ್ಚಿ ಹೊಳ್ಳಿಸಿ ಹಿಡದ್ರ ಹೋತು. ಆ ಕೆಲಸ ಮಾತ್ರ ನಾವು ಭಾಳ ಚಂದ ಮಾಡಿದ್ವಿ, ಈಗೂ ಹೇಳ್ತೀನಿ, ಫಿಕ್ಸ್‌ಚರ್ ನೋಡಿದ್ರ ನೀವೂ ಖುಷಿ ಪಡ್ತೀರಿ.

ಹಾದಿ ತಪ್ಪಿದ್ದು ಬ್ಯಾರೆ ಕಡೆ. ರೇಸ್ ಕಾರ್ ಅಂದ ಕೂಡ್ಲೇ ನನಗ ಕೈ ಕಡಿಯಾಕ ಹತ್ತಿತು. ಹಿಂದಿನ ವೆಬ್ (ಡ್ರಮ್‌ನ ಚಪ್ಪಟಿ ಗ್ವಾಡಿ) ಯಾಕ ಇಷ್ಟು ದಪ್ಪ, ಸುಮ್ನ ಲೋಹ ದಂಡ, ಅಂತ ಪಾಕೆಟ್ ಹಾಕಿ ಲೋಹ ತಗದೆ. ಹೊರಗ ತಂಪಾಗಲಿ ಅಂತ ಫಿನ್ (ಪಟ್ಟಿ ಪಟ್ಟಿ ಏಣು) ಕೊಟ್ಟೆ. ಒರಿಜಿನಲ್ ಡ್ರಮ್‌ನ ಗ್ರೇ ಐರನ್ (ಸಾದಾ ಬೀಡು ಕಬ್ಬಿಣ) ಬಿರುಕು ಬಿಡತೈತಿ, ಸೇಫ್ಟಿ ವಿಷಯ, ಅಂತ ಎಸ್‌ಜಿ ಐರನ್, ಅಂದ್ರ ಜಲ್ದಿ ಒಡಿಯದ ಬೀಡು ಕಬ್ಬಿಣ, ಮಾಡಿದೆ. ಎರಕದ ಅಚ್ಚಿನ ಮಾದರಿ ಮಾಡೂ ಪ್ಯಾಟರ್ನ್ ಮೇಸ್ತ್ರಿ ಕಾಕಾ ಡ್ರಾಯಿಂಗ್ ನೋಡಿ ಸ್ಯಾಂಪಲ್ ಕೈಯಾಗ ಹಿಡದು, "ಸಾಹೇಬ್ರ, ಇದರ ಮ್ಯಾಲ ಫಿನ್ ಇಲ್ಲಲ್ರಿ?" ಅಂದ್ರು. "ಕಾಕಾ, ನಾವು ಇಂಪ್ರೂವ್ ಮಾಡಾಕತ್ತೇವಿ" ಅಂದೆ. "ಅವ್ರು ಕೇಳ್ಯಾರೇನ್ರಿ?" ಅಂದ್ರು. "ಕೇಳೂಕಿಂತ ಮೊದಲ ಕೊಡಬೇಕು ಕಾಕಾ, ಅದಕ್ಕ ಕಸ್ಟಮರ್ ಡಿಲೈಟ್ ಅಂತಾರ" ಅಂದೆ. ಅದರ ಹಿಂದಿನ ವಾರ ಅಷ್ಟ ಒಂದು ಟ್ರೇನಿಂಗ್‌ಗೆ ಕಳಿಸಿದ್ರು, ಅಲ್ಲಿ ಕಲತದ್ದದು. ಕಾಕಾ ಏನೂ ಅನ್ಲಿಲ್ಲ, ಪೆನ್ಸಿಲ್ ಕಿವಿ ಮ್ಯಾಲ ಇಟಗೊಂಡು ಹೋದ್ರು.

ಗಣಪತಿ ಹಬ್ಬದ ಮುಂದ, ಅರ್ಧ ಮೋಲ್ಡರ್ ರಜಾ ಇದ್ದಾಗ ಹೆಂಗರೆ ಮಾಡಿ ಸ್ಯಾಂಪಲ್ ಏರ್‌ನ್ಯಾಗ ಕಳಿಸಿದ್ವಿ. ಹಬ್ಬ ಮುಗದ ಮ್ಯಾಲ ರಾತ್ರಿ ಎಂಟೂವರಿಗೆ ವಿಡಿಯೋ ಕಾಲ್. ಆ ಕಡೆ ಪಾರ್ಟಿ ಪರವಾಗಿ ಒಬ್ಬ ವಯಸ್ಸಾದ ಮನಷ್ಯಾ, ವೀ ಕಾರ್ ರಿಪೇರಿ ಮಾಡ್ಕೊಂತ ಜೀವನ ಕಳದಾಂವ, ನಮ್ಮ ಶಾಪ್‌ನ್ಯಾಗ ಈಗ ಅವ್ರಿಗೆ "ರೇಸ್ ಅಜ್ಜಾ" ಅಂತಾರ. ಈ ಕಡೆ ನಾನು, ನನ್ನ ಹಿಂದ ಸಾವಕಾರ್ರು, ಅವರ ಹಿಂದ ಮಾರ್ಕೆಟಿಂಗ್‌ನವ್ರು ಇಬ್ಬರು.

ಅಜ್ಜಾ ಮಾತಾಡ್ಲಿಲ್ಲ. ಟೇಬಲ್ ಮ್ಯಾಲ ಒಂದು ತೂಕದ ಮಷಿನ್ ಇತ್ತು, ಮೊದಲ ಹಳೇ ಡ್ರಮ್ ಇಟ್ರು, ಓದಿದ್ರು, ತಗದ್ರು. ಆಮ್ಯಾಲ ನಮ್ಮದು ಇಟ್ರು. ಚಸ್ಮಾ ಮ್ಯಾಲೇರಿಸಿ ಬಗ್ಗಿ ನೋಡಿದ್ರು. ಮಾರ್ಕರ್ ತಗೊಂಡು ನಮ್ಮ ಡ್ರಮ್‌ನ ಮಷಿನ್ ಆದ ಫೇಸ್ ಮ್ಯಾಲ ಏನೋ ಬರದ್ರು, ಕ್ಯಾಮೆರಾಕ್ಕ ತೋರಿಸಿದ್ರು. ಮೈನಸ್ 0.9 ಪೌಂಡ್. ಹೆಚ್ಚುಕಮ್ಮಿ 400 ಗ್ರಾಂ. ನನಗ ಎದಿ ಉಬ್ಬಿತು, ಸಾವಕಾರ್ರು ಹಿಂದಿಂದ ಭುಜಾ ತಟ್ಟಿದ್ರು. ಆ ಕಡೆ ಇನ್ನೂ ಮಾತಿಲ್ಲ, ನಾ ಅನ್ಕೊಂಡೆ ಅಜ್ಜಾ ದಂಗಾಗ್ಯಾರ ಅಂತ, ಆ ಸುಮ್ನಿದ್ದ ಜಾಗಾ ತುಂಬಿಸಾಕ ನಾನ ಬಾಯಿ ತಗದು, "ಸರ್, ಇನ್ನೂ 150 ಗ್ರಾಂ ತಗೀಬಹುದು, ವೆಬ್‌ನ್ಯಾಗ ಜಾಗಾ ಐತಿ" ಅಂದೆ.

ಅಜ್ಜಾ ಮಾರ್ಕರ್‌ನ ಟೋಪಿ ಹಾಕಿ ಕೆಳಗಿಟ್ರು. ಆಮ್ಯಾಲ ಒಂದು ಪಾನಾ ತಗೊಂಡು ಹಳೇ ಡ್ರಮ್‌ಗೆ ಬಡದ್ರು, ಠಕ್ ಅಂತು. ನಮ್ಮದಕ್ಕ ಬಡದ್ರು, ಠಣ್ಣಂತ ಉದ್ದಕ ನಾದ. ಫೌಂಡ್ರಿಯಾಗ ಕೆಲಸ ಮಾಡಾಂವಗ ಆ ಸಪ್ಪಳ ಕೇಳಿದ್ರ ಬ್ಯಾರೆ ಹೇಳೂದು ಬೇಕಿಲ್ಲ, ಗ್ರೇ ಐರನ್ ಠಕ್ ಅಂತೈತಿ, ಎಸ್‌ಜಿ ನಾದ ಕೊಡತೈತಿ. ಎಸ್‌ಜಿ ಮಾಡಿದ್ದನ್ನ ನಾ ಕವರಿಂಗ್ ಲೆಟರ್‌ದಾಗ "ಅಪ್‌ಗ್ರೇಡೆಡ್ ಮಟೀರಿಯಲ್" ಅಂತ ಬರದಿದ್ದೆ, ಅವ್ರು ಅದನ್ನ ಓದಿದ್ರೂ ಬಡದ ನೋಡಿದ್ರು.

ಆಮ್ಯಾಲ ಮಾತಾಡಿದ್ರು, ಸಮಾಧಾನದಿಂದ. ಇದು ನಾ ನೋಡಿದ್ದರಾಗ ಚಂದಾಗಿ ಮಷಿನ್ ಆದ ಡ್ರಮ್, ಆದ್ರ ಇದನ್ನ ಯಾರೂ ಹಾಕಾಕ ಬರಂಗಿಲ್ಲ ಅಂದ್ರು. ಒಬ್ಬಾಂವ ಹಾಕ್ಕೊಂಡು ಗೆದ್ರ ಬಾಜೂ ಪಿಟ್‌ನಾಂವ ರೊಕ್ಕ ಕಟ್ಟಿ ಪ್ರೊಟೆಸ್ಟ್ (ತಕರಾರು) ಹಾಕ್ತಾನ, ಗಾಲಿ ಬಿಚ್ಚಿ ತೂಕ ಹಚ್ಚತಾರ, ಗೆದ್ದದ್ದು ಹೋಗ್ತೈತಿ. ನಾ ವಾದ ಮಾಡಿದೆ, ಕಾರ್‌ಗೆ ಡ್ರೈವರ್ ಸಹಿತ 1025 ಪೌಂಡ್ ಮಿನಿಮಮ್ ಐತಲ್ರಿ, ಅಂದ್ರ 465 ಕೆಜಿ, ಡ್ರಮ್‌ನ್ಯಾಗ ಉಳದದ್ದು ಸೀಸದ ತುಂಡು ಇಟ್ಟು ತುಂಬಿಸ್ತಾರ, ಲೆಕ್ಕ ಸಮಾ ಆತಲ್ಲ? ಅವ್ರು ನಕ್ಕು, ಅದ ಅದರ ಕಥಿ ಅಂದ್ರು. ಗಾಲಿ ಮ್ಯಾಲ ತಿರಗೋ ತೂಕ ತಗದು ಫ್ಲೋರಿಗೆ ಬೋಲ್ಟ್ ಮಾಡಿದ್ರ ಕಾಟಾ ಮ್ಯಾಲ ಕಾರ್ ಅಷ್ಟ ತೂಗತೈತಿ, ಟ್ರ್ಯಾಕ್ ಮ್ಯಾಲ ಅದು ಬ್ಯಾರೆ ಕಾರ್. ಅರವತ್ತು ಹಾರ್ಸ್‌ಪವರ್ ಆಸುಪಾಸಿನ ಗಾಡಿಯಾಗ 400 ಗ್ರಾಂ ಹಗರ ಡ್ರಮ್ ಬಂತಂದ್ರ ಮುಂದಿನ ಸೀಜನ್‌ಗೆ ಪ್ರತಿಯೊಬ್ಬಾಂವ ಕೊಳ್ಳಾಕಬೇಕು, ಇಲ್ಲಾಂದ್ರ ಹಿಂದ ಬೀಳಬೇಕು. ಸೋವಿ ಕ್ಲಾಸ್ ತುಟ್ಟಿ ಆಗೂದು ಹಿಂಗ.

ಸೇಫ್ಟಿ ಸಲುವಾಗಿ ಎಸ್‌ಜಿ ಮಾಡೇವ್ರಿ ಅಂದೆ ಕಡೀಕ. ಅವ್ರು, ನಮ್ಮಲ್ಲಿ ರೂಲ್ ಬದಲ್ ಮಾಡ್ರಿ ಅಂತ ಬರೋ ಪ್ರತಿ ಪತ್ರದಾಗೂ ಆ ಶಬ್ದ ಇರತೈತಿ ಅಂದ್ರು. ಮತ್ತ ಡ್ರಮ್‌ಗೆ ಗ್ರೇ ಐರನ್ನ ಯಾಕ ಅಂತ ನಿನಗ ನಾ ಹೇಳಬೇಕೇನು ಅಂತ ಕೇಳಿದ್ರು. ಖರೇನ, ಗ್ರೇ ಐರನ್‌ನ್ಯಾಗಿನ ಫ್ಲೇಕ್ (ಪದರಿನಂಥ) ಗ್ರಾಫೈಟ್ ಬಿಸಿ ಜಲ್ದಿ ಎಳಕೊಂಡು ಹೋಗ್ತೈತಿ, ಕಂಪನ ನುಂಗತೈತಿ, ಎಸ್‌ಜಿಯಾಗಿನ ಗುಂಡನ್ನ ಗ್ರಾಫೈಟ್ ನಾಡ್ಯೂಲ್ ಅಷ್ಟು ಮಾಡಂಗಿಲ್ಲ. ಎಸ್‌ಜಿ ಎಳದ್ರ ಹರಿಯಂಗಿಲ್ಲ ಖರೆ, ಬ್ರೇಕ್‌ಗೆ ಬೇಕಾದದ್ದು ಅದಲ್ಲ. ಮೆಟಲರ್ಜಿ ಓದಿ ಅದ ಉಪ್ಪು ತಿನ್ನಾಂವ ನಾ, ರೇಸ್ ಅನ್ನೋ ಶಬ್ದಕ್ಕ ಮರತು ಕುಂತಿದ್ದೆ.

ಇಷ್ಟೆಲ್ಲಾ ನಡದಾಗ ಹಿಂದ ಸಾವಕಾರ್ರು ಮೆಲ್ಲಕ, "ಎಷ್ಟು ಸಾವಿರ ಪೀಸ್ ಬೇಕಂತ ಕೇಳೋ" ಅಂತ ಮೂರು ಸಲ ಅಂದ್ರು. ಇಂಗ್ಲಿಷ್ ಆಕ್ಸೆಂಟ್ ಅವರಿಗೆ ತಿಳಿದಿದ್ದಿಲ್ಲ, ಅಜ್ಜಾ ನಗೂದು ನೋಡಿ ಆರ್ಡರ್ ಪಕ್ಕಾ ಅಂತ ತಿಳಕೊಂಡಿದ್ರು. ಕಾಲ್ ಕಟ್ ಆದ ಮ್ಯಾಲ ಹೇಳಿದೆ. ಅವರ ಮೊದಲ ಮಾತು: "ಹಂಗಾರ ರೂಲ್ ಬದಲ್ ಮಾಡ್ಸು ಅಂತ ಹೇಳು ಅವನಿಗೆ."

ರೂಲ್ ಬದಲ್ ಆಗೂ ದಾರಿ ನಾ ಆ ರಾತ್ರಿನ ಕುಂತು ಓದಿದ್ದು, ಆರ್‌ಎಫ್‌ಕ್ಯೂ ಬಂದ ದಿನಾ ಓದಬೇಕಾಗಿತ್ತು. ಎಸ್‌ಸಿಸಿಎ ಒಳಗ ಮೆಂಬರ್ ಪತ್ರ ಬರೀಬೇಕು, ಅದು ಆ ಕ್ಲಾಸಿನ ಸಲಹಾ ಕಮಿಟಿ ನೋಡಬೇಕು, ಅಲ್ಲಿಂದ ಕ್ಲಬ್ ರೇಸಿಂಗ್ ಬೋರ್ಡ್, ಅವ್ರು ಒಮ್ಮೊಮ್ಮೆ ಬುಲೆಟಿನ್‌ನ್ಯಾಗ ಹಾಕಿ ನೀವೇನಂತೀರಿ ಅಂತ ಮಂದಿನ ಕೇಳ್ತಾರ, ಕಡೀಕ ಡೈರೆಕ್ಟರ್‌ಗೋಳ ವೋಟ್. ರೂಲ್ ಬುಕ್ಕಿನ್ಯಾಗ ಮಾಡಬಹುದು ಅಂತ ಬರದಿಲ್ಲಾಂದ್ರ ಮಾಡಬಾರದು ಅಂತನ ಅರ್ಥ. ನಮ್ಮ ಲೈನಿನ್ಯಾಗ ಉಲ್ಟಾ, ಡ್ರಾಯಿಂಗ್‌ನ್ಯಾಗ ಬ್ಯಾಡ ಅಂತ ಇಲ್ಲಾಂದ್ರ ವೆಂಡರ್ ತನ್ನ ಅನುಕೂಲ ನೋಡ್ಕೋತಾನ.

ಹಂಗಂತ ಬದಲ್ ಆಗಂಗಿಲ್ಲ ಅಂತಲ್ಲ. ಫಾರ್ಮುಲಾ ಫೋರ್ಡ್ ಅಂತ ಇನ್ನೊಂದು ಕ್ಲಾಸ್, 1967ರಿಂದ ಫೋರ್ಡ್ ಕೆಂಟ್ ಇಂಜಿನ್ ಮ್ಯಾಲ ನಡದದ್ದು. ಹಳೇ ಇಂಜಿನ್ ಸಾಮಾನು ಸಾಕಾಗಿ 2010ರ ಹೊತ್ತಿಗೆ ಎಸ್‌ಸಿಸಿಎ ಹೋಂಡಾ ಫಿಟ್‌ನ 1.5 ಲೀಟರ್ ಇಂಜಿನ್‌ಗೂ ಜಾಗಾ ಕೊಟ್ಟಿತು, ಹೆಸರೂ ಫಾರ್ಮುಲಾ ಎಫ್ ಅಂತಾತು. ಆದ್ರ ಹೋಂಡಾಕ್ಕ ರಿಸ್ಟ್ರಿಕ್ಟರ್ (ಒಳಗ ಹೋಗೂ ಗಾಳಿ ಕಮ್ಮಿ ಮಾಡೂ ತಡಿ) ಹಾಕಿ ಉಸರು ಹಿಡದ್ರು, ಹಳೇ ಕೆಂಟ್ ಇದ್ದಾಂವನೂ ಪೈಪೋಟಿ ಮಾಡಲಿ ಅಂತ. ಹೊಸಾದು ಛಲೋ ಇದ್ರ ಅದನ್ನ ಹಳೇದರ ಮಟ್ಟಕ್ಕ ಇಳಿಸಿ ಒಳಗ ಬಿಟ್ಕೋತಾರ. ಇದನ್ನ ಸಾವಕಾರ್ರಿಗೆ ಹೇಳಿದ್ರ, "ಛಲೋ ಇಂಜಿನ್ ಕುತಗಿ ಹಿಚುಕಾಕ ರೊಕ್ಕ ಖರ್ಚ ಮಾಡ್ತಾರ?" ಅಂತ ಒಂದು ವಾರ ಬಂದ ಗಿರಾಕಿಗೆಲ್ಲಾ ಹೇಳಿ ನಕ್ಕರು.

ಎರಡನೇ ಸ್ಯಾಂಪಲ್ ಮಾಡಿದ್ವಿ. ಪಾಕೆಟ್ ಮುಚ್ಚಿ, ಫಿನ್ ತಗದು, ಗ್ರೇ ಐರನ್‌ನ ಎಫ್‌ಜಿ 260 ಗ್ರೇಡ್, ಗಡಸುತನ ಬಿಎಚ್‌ಎನ್ 200ರ ಸುತ್ತ. ಕಾಕಾ ಕಡೆ ಹೋಗಿ ಫಿನ್ ತಗೀರಿ ಅಂದ್ರ, "ಫಿನ್ ನಾ ಲೂಸ್ ಪೀಸ್ ಮಾಡಿಟ್ಟೇನ್ರಿ, ಸ್ಕ್ರೂ ಬಿಚ್ಚಿದ್ರ ಆತು" ಅಂದ್ರು. ಅವತ್ತ ಪೆನ್ಸಿಲ್ ಕಿವಿ ಮ್ಯಾಲ ಇಟಗೊಂಡು ಹೋದಾಗ ಅವರ ತಲ್ಯಾಗ ಏನಿತ್ತು ಅಂತ ಈಗ ತಿಳೀತು. ತೂಕದ ಟಾಲರೆನ್ಸ್ ಒಂದ ಬದಿಗೆ ಇಟ್ವಿ, ಪ್ಲಸ್ ಅಷ್ಟ, ಮೈನಸ್ ಸೊನ್ನಿ. ಪ್ರೊಡಕ್ಷನ್‌ನವ್ರು ಕಾಸ್ಟಿಂಗ್‌ಗೆ ಹಂಗ ಯಾರ ಕೊಡ್ತಾರ ಅಂತ ಜಗಳಾಡಿದ್ರು, ನಿಮ್ಮ ಜಗಳ ರೇಸ್ ಅಜ್ಜನ ಕೂಡ ಆಡ್ರಿ ಅಂದೆ.

ಈ ಸಲ ಅಜ್ಜಾ ತೂಕ ಹಚ್ಚಿ, ಪಾನಾದಿಂದ ಬಡದು, ಸರಿ ಅಂದ್ರು. ಎಷ್ಟು ಪೀಸ್ ಅಂತ ನಾನ ಕೇಳಿದೆ. ರೂಲ್ ಪಾಸ್ ಆದ್ರ ಮೊದಲ ವರ್ಷ ನೂರು, ಅಂದ್ರು. ಪಾಸ್ ಆಗೂದು ಗ್ಯಾರಂಟಿ ಇಲ್ಲ, ಯಾಕಂದ್ರ ಹಳೇ ಡ್ರಮ್ ಗ್ಯಾರೇಜ್ ತುಂಬ ಕೂಡಿಸಿಟ್ಟವ್ರು ವಿರೋಧ ಪತ್ರ ಬರಿಯಾಕತ್ತಾರಂತ, ಅವರ ಮಾಲಿನ ಬೆಲಿ ರಾತ್ರೋರಾತ್ರಿ ಇಳೀತೈತಿ, ಪತ್ರದಾಗ ಮಾತ್ರ ಕ್ಲಾಸಿನ ಪರಂಪರೆ ಅಂತ ಬರೀತಾರ. ಹೊಸದಾಗಿ ಬಂದ ಹುಡುಗೂರು ಪರ. ನಮ್ಮ ಎಕ್ಸ್‌ಪೋರ್ಟರ್‌ಗೆ ನೂರು ಪೀಸ್ ಕೇಳಿ ಆಸಕ್ತಿನ ಹೋತು, ಈಗ ಫೋನ್ ಎತ್ತಂಗಿಲ್ಲ.

ಆರ್‌ಎಫ್‌ಕ್ಯೂ ಫಾರ್ಮ್‌ನ್ಯಾಗ ನಾ ಒಂದು ಹೊಸಾ ಕಾಲಂ ಹಾಕಿಸೇನಿ, "ಕಸ್ಟಮರ್‌ಗೆ ಲಾಗೂ ರೂಲ್, ಅದು ಪಾಸ್ ಆಗೇತೋ ಕರಡೋ" ಅಂತ. ಐಎಸ್‌ಓ ಆಡಿಟರ್ ಭಾಳ ಮೆಚ್ಚಿದ್ರು, ಪಂಪ್ ಬಾಡಿಗೆಲ್ಲಾ ನಮ್ಮ ಹುಡುಗೂರು ಅಲ್ಲಿ "ಎನ್‌ಎ" (ಲಾಗೂ ಇಲ್ಲ) ಅಂತ ತುಂಬತಾರ. ಮಾರ್ಕೆಟಿಂಗ್‌ನವ್ರು ಮೋಟರ್‌ಸ್ಪೋರ್ಟ್ ಸ್ಲೈಡ್ ತಗದಿಲ್ಲ. ಮೊದಲ ಸ್ಯಾಂಪಲ್‌ದ ಪ್ಯಾಟರ್ನ್ ಖರ್ಚು ಯಾರ ತಲಿ ಮ್ಯಾಲ ಅಂತ ಅಕೌಂಟ್ಸ್‌ನಿಂದ ವಾರಕ್ಕೊಂದು ಮೇಲ್ ಬರತೈತಿ, ನಾ ಆರ್ ಅಂಡ್ ಡಿ ಹೆಡ್‌ಗೆ ಹಾಕ್ರಿ ಅಂತ ರಿಪ್ಲೈ ಮಾಡ್ತೀನಿ, ನಮ್ಮಲ್ಲಿ ಆರ್ ಅಂಡ್ ಡಿ ಹೆಡ್ ಇಲ್ಲ ಅಂತ ಅವ್ರು ಮತ್ತ ಮೇಲ್ ಹಾಕ್ತಾರ.