ಮಧೂರಿನ ಬಾವಿ, ನಮ್ಮ ಸುರಂಗ

ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆಯ ಗುಡ್ಡದ ಬುಡದಲ್ಲಿರುವ ನಮ್ಮ ಅಡಿಕೆ ತೋಟಕ್ಕೆ ನೀರುಣಿಸುವುದು ಅಜ್ಜ ಕೊರೆಸಿದ 80 ಕೋಲು ಉದ್ದದ ಸುರಂಗ. ಮುರಕಲ್ಲಿನ ಒಡಲನ್ನು ಅಡ್ಡಕ್ಕೆ ಕೊರೆದು, ಒಬ್ಬನೇ ತಲೆ ತಗ್ಗಿಸಿ ನಡೆಯುವಷ್ಟು ಅಗಲಕ್ಕೆ ಮಾಡಿದ ಅದರ ಬಾಯಿಯಿಂದ ನೀರು ಅಡಿಕೆ ಮರದ ದಂಬೆಯಲ್ಲಿ ಹರಿದು ಮದಕಕ್ಕೆ, ಅಂದರೆ ನೀರು ತುಂಬುವ ಕೆರೆಗೆ, ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ಕೆಲವು ವರ್ಷಗಳ ಹಿಂದೆ ಅದೇ ಗುಡ್ಡದ ನೆತ್ತಿಯಲ್ಲಿ ಕಗ್ಗಲ್ಲಿನ ಕೋರೆ ತೆರೆಯಲು ಹಣಬಲ, ಜನಬಲ ಎರಡೂ ಇದ್ದವರೊಬ್ಬರು ಹೊರಟಾಗ, ಸಿಡಿಮದ್ದಿನ ಅದುರಿಗೆ ಸುರಂಗ ಕುಸಿದೀತೆಂದು ನಾನು ತಕರಾರು ಅರ್ಜಿ ಕೊಟ್ಟೆ.

ವಿಚಾರಣೆಯ ನೋಟಿಸು ಮಲಯಾಳದಲ್ಲಿ ಬಂದಿತ್ತು. ನೆರೆಮನೆಯ ಹುಡುಗನಿಂದ ಅದನ್ನು ಓದಿಸಿಕೊಂಡ ಮರುದಿನ ರಾತ್ರಿ ಜೀಪೊಂದು ಅಂಗಳದಲ್ಲಿ ನಿಂತಿತು. ಇಳಿದ ಇಬ್ಬರು ಬೈಯಲಿಲ್ಲ. ಜಗಲಿಯಲ್ಲಿ ಕುಳಿತು, ಅಮ್ಮ ತಂದಿಟ್ಟ ಬೆಲ್ಲ ನೀರು ಕುಡಿದರು. ಹೊರಡುವಾಗ ಒಬ್ಬರು, “ಭಟ್ರೇ, ತೋಟ ಎಲ್ಲಿಗೂ ಹೋಗುವುದಿಲ್ಲ. ದಿನಾ ಬೈಕಿನಲ್ಲಿ ಪೇಟೆಗೆ ಹೋಗುವವರು ನೀವು” ಎಂದರು. ಅಷ್ಟೇ. ಆ ರಾತ್ರಿ ನಾನು ಬೈಕನ್ನು ಕೊಟ್ಟಿಗೆಯ ಒಳಗೆ ತಂದಿಟ್ಟೆ. ಅದರಿಂದ ಏನು ಪ್ರಯೋಜನವೆಂದು ಈಗ ಕೇಳಿದರೆ ಉತ್ತರವಿಲ್ಲ.

ವಿಚಾರಣೆಯ ದಿನ ಕಾಸರಗೋಡಿಗೆ ಹೋಗುವ ಮೊದಲು ಮಧೂರಿಗೆ ಹೋಗಲೇಬೇಕೆಂದು ಅಮ್ಮ ಹಟ ಹಿಡಿದರು. ಅಡೂರು, ಮಧೂರು, ಕಾವು, ಕಣ್ಯಾರವೆಂದು ಕುಂಬಳೆ ಸೀಮೆಯವರು ಹೇಳುವ ನಾಲ್ಕು ಕ್ಷೇತ್ರಗಳಲ್ಲಿ ಅದೊಂದು. ಅಲ್ಲಿಯ ಮದನಂತೇಶ್ವರ ಲಿಂಗ ಮೊದಲು ಕಂಡದ್ದು ಮದರು ಎಂಬ ಹೆಂಗಸಿಗೆ. ಹೆಸರಾದ ಗಣಪತಿಯಾದರೋ ಹುಡುಗನೊಬ್ಬ ಗೋಡೆಯ ಮೇಲೆ ಬರೆದ ಚಿತ್ರದಿಂದ ಮೂಡಿದವನೆಂದು ಐತಿಹ್ಯ. ದಾಳಿಗೆ ಬಂದ ಟಿಪ್ಪು ಸುಲ್ತಾನ ಒಳಗಿನ ಬಾವಿಯ ನೀರು ಕುಡಿದು ಮನಸ್ಸು ಬದಲಿಸಿ, ಸೈನ್ಯದ ಸಮಾಧಾನಕ್ಕೆಂದು ಮಾಡಿಗೆ, ಅಂದರೆ ಸೂರಿಗೆ, ಕತ್ತಿಯಿಂದ ಒಂದು ಏಟು ಹಾಕಿ ಹೋದನೆಂಬ ಕತೆಯನ್ನು ಅಮ್ಮ ಆ ದಿನವೂ ಹೇಳಿದರು. ಜೀಪಿನವರೂ ನಮ್ಮ ಸುರಂಗದ ನೀರನ್ನೇ ಕುಡಿದಿದ್ದರಲ್ಲ, ಅವರ ಮನಸ್ಸೇಕೆ ಕರಗಲಿಲ್ಲವೆಂದು ನಾನು ಕೊಂಕು ತೆಗೆದೆ. ಅಮ್ಮ ಉತ್ತರಿಸದೆ ಆ ಕತ್ತಿಯ ಗುರುತಿನತ್ತ ಬೆರಳು ತೋರಿಸಿದರು. ಏಟೇ ಬೀಳದಂತೆ ಅಲ್ಲಿಯ ದೇವರೂ ತಡೆದಿರಲಿಲ್ಲ. ಬಿದ್ದ ಏಟು ಮಾತ್ರ ಮಾಡನ್ನು ದಾಟಿರಲಿಲ್ಲ. ನಾನು ಅಂದು ಮೊದಲ ಬಾರಿಗೆ “ಏನೂ ಆಗದಿರಲಿ” ಎಂಬ ಪ್ರಾರ್ಥನೆ ಬಿಟ್ಟು, ಎದ್ದು ನಿಲ್ಲುವಷ್ಟು ಕರುಣೆ ತೋರೆಂದು ಬೇಡಿಕೊಂಡೆ.

‘ಅಪ್ಪ’ ಎಂಬ ಸಿಹಿತಿಂಡಿಯ ಪ್ರಸಾದದ ಪೊಟ್ಟಣ ಹಿಡಿದು ನಾನು ಹೊರಟಾಗ ಅಮ್ಮ ನಮ್ಮ ಮನೆಮಾತಿನಲ್ಲಿ, “ಹೆದರೆಡ (ಹೆದರಬೇಡ) ಮಗಾ, ದೇವರಿದ್ದವು” ಎಂದರು. ನಾಲ್ಕು ಹೆಜ್ಜೆ ನಡೆದ ಮೇಲೆ, “ಕಾಗದ ಮರೆಯೆಡ” ಎಂದು ಸೇರಿಸಿದರು.

ಕಚೇರಿಯಲ್ಲಿ ಜೀಪಿನವರು ಎದುರಿನ ಬೆಂಚಿನಲ್ಲೇ ಇದ್ದರು. ಅರ್ಜಿ ಓದುವಾಗ ನನ್ನ ಕೈ ನಡುಗಿ ಕಾಗದ ಪರಪರ ಎನ್ನುತ್ತಿತ್ತು, ಆದರೆ ಕೊನೆಯ ಸಾಲಿನವರೆಗೂ ಓದಿದೆ. ಸ್ಥಳ ಪರಿಶೀಲನೆಗೆ ಆದೇಶವಾಯಿತು. ತಿಂಗಳುಗಳ ನಂತರ ಕೋರೆಯವರು ನಮ್ಮ ಗುಡ್ಡವನ್ನು ಬಿಟ್ಟರು. ದೇವರು ಕಾಪಾಡಿದರೆಂದು ಅಮ್ಮ ತುಪ್ಪದ ದೀಪ ಹಚ್ಚಿದರು, ನಾನೂ ಕೈಮುಗಿದೆ. ಆ ವಾರವೇ ಅವರು ಇನ್ನೊಂದು ಗುಡ್ಡ ಹುಡುಕಿಕೊಂಡರೆಂದು ತಿಳಿಯಿತು. ಅದರ ಬುಡದಲ್ಲೂ ಎರಡು ಸುರಂಗಗಳಿವೆ. ಆ ಮನೆಯವರಿಗೆ ನನ್ನ ಅರ್ಜಿಯ ಪ್ರತಿಯನ್ನು ಮರುದಿನ ಬೈಕಿನಲ್ಲೇ ಹೋಗಿ ಕೊಟ್ಟು ಬಂದೆ.