ಮಣ್ಣಿನ ಗೋಡೆಗೆ ಸಿಮೆಂಟ್ ಬೇಡ, ಸುಣ್ಣ ಸಾಕು

ಹಳೆ ಮನೆ ರಿಪೇರಿ ಮಾಡ್ತಿದ್ದೇವೆ ಅಂದ ಕೂಡಲೇ ಎಲ್ಲರೂ ಕೇಳುವುದು ಬಣ್ಣ ಯಾವುದು, ಟೈಲ್ಸ್ ಯಾವುದು ಅಂತ. ಕೊಡಗಿನಲ್ಲಿ ಮೊದಲು ಕೇಳಬೇಕಾದ್ದು ಅದಲ್ಲ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ದಾರಿಯಲ್ಲಿ ಹೊರಗೆ ಹೋಗುತ್ತದೆ? ಇದು ಗೊತ್ತಾಗದೆ ಗೋಡೆಗೆ ಬ್ರಷ್ ಹಚ್ಚಿದರೆ ದುಡ್ಡು ಸುಮ್ನೆ ಮಳೆಗೆ ಕೊಟ್ಟ ಹಾಗೆ.

ನಮ್ಮದು ನಾಪೋಕ್ಲು ಕಡೆಯ ಮನೆ. ನನ್ನ ಗಂಡನ ಅಜ್ಜ ಕಟ್ಟಿಸಿದ್ದು. ಐನ್‌ಮನೆಯಂಥ (ಕೊಡವ ಕುಟುಂಬಗಳ ಪೂರ್ವಜರ ಮನೆ) ದೊಡ್ಡ ಮನೆ ಅಂದುಕೊಳ್ಳಬೇಡಿ. ಕಲ್ಲಿನ ಪಾಯ, ಹಸಿ ಇಟ್ಟಿಗೆಯ ಮಣ್ಣಿನ ಗೋಡೆ, ಮಂಗಳೂರು ಹೆಂಚು, ಕೆಂಪು ನೆಲ, ಮುಂದೆ ಉದ್ದಕ್ಕೆ ಜಗಲಿ, ಅಷ್ಟೇ. ಮಾವ ತೀರಿಕೊಂಡ ಮೇಲೆ ಕೆಲವು ವರ್ಷ ಸರಿಯಾಗಿ ನೋಡಿಕೊಳ್ಳುವವರಿರಲಿಲ್ಲ. ನೆಂಟರೆಲ್ಲ ಕೆಡವಿ ಆರ್‌ಸಿಸಿ ಹಾಕಿಸಿ ಅಂದರು. ಅತ್ತೆ ಮಾತ್ರ ಒಪ್ಪಲಿಲ್ಲ. ನಮಗೂ ಮನಸ್ಸಿರಲಿಲ್ಲ. ಕೈಲಾದಷ್ಟು ನಾವೇ ಮಾಡೋಣ, ಆಗದ್ದಕ್ಕೆ ಜನ ಕರೆಯೋಣ ಅಂತ ಶುರು ಮಾಡಿದೆವು.

ನಾವೇ ಮಾಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಇಲ್ಲಿ ಗೋಡೆ ಕೆಲಸಕ್ಕೆ ಒಳ್ಳೆ ಕಾಲ ಅಂದರೆ ಹುತ್ತರಿ (ನವೆಂಬರ್-ಡಿಸೆಂಬರ್ ಹೊತ್ತಿನ ಸುಗ್ಗಿ ಹಬ್ಬ) ಸಮಯದಿಂದ ಮಾರ್ಚ್‌ವರೆಗೆ. ಅದೇ ಹೊತ್ತಿಗೆ ತೋಟದಲ್ಲಿ ಕಾಫಿ ಕುಯ್ಲು. ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ. ಆಗ ಗಾರೆ ಕೆಲಸಕ್ಕೆ ಆಳು ಸಿಗುವುದು ಕಷ್ಟ. ಜೂನ್ ಬಂತೆಂದರೆ ಮುಗಿಯಿತು, ಮಡಿಕೇರಿ ಸುತ್ತಮುತ್ತ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಸುರಿಯುವ ಜಾಗ ಇದು, ಸುರಿಯುವುದರಲ್ಲಿ ಮುಕ್ಕಾಲು ಪಾಲು ಆ ಕೆಲವೇ ತಿಂಗಳಲ್ಲಿ. ಕುಶಾಲನಗರದ ಕಡೆಯವರಿಗೆ ಇಷ್ಟು ಚಿಂತೆ ಇಲ್ಲ, ಅಲ್ಲಿ ಮಳೆ ತುಂಬಾ ಕಡಿಮೆ. ಹಾಗಾಗಿ ನಾನು ಬರೆಯುತ್ತಿರುವುದು ಜಾಸ್ತಿ ಪಡುವಣ ಕೊಡಗಿನ ಮನೆಗಳಿಗೆ.

ಮೊದಲು ಮಾಡು, ಅಂದರೆ ಮನೆಯ ಚಾವಣಿ. ಮಳೆಗಾಲದಲ್ಲೇ ಟಾರ್ಚ್ ಹಿಡಿದು ಅಟ್ಟ ಹತ್ತಿ, ಎಲ್ಲೆಲ್ಲಿ ಹನಿ ಬೀಳುತ್ತದೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟುಕೊಳ್ಳಿ. ಬೇಸಿಗೆಯಲ್ಲಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಒಡೆದ ಹೆಂಚು ಒಂದೆರಡಿದ್ದರೆ ಅಟ್ಟದ ಒಳಗಿನಿಂದಲೇ ಬದಲಿಸಬಹುದು. ಮೇಲಿನ ಸಾಲಿನ ಹೆಂಚನ್ನು ಸ್ವಲ್ಪ ಎತ್ತಿ, ಒಡೆದದ್ದನ್ನು ಕೆಳಗೆ ಎಳೆದುಕೊಂಡು, ಹೊಸದನ್ನು ರೀಪಿಗೆ (ಹೆಂಚು ಕೂರುವ ಮರದ ಪಟ್ಟಿ) ಕೂರಿಸಿದರೆ ಆಯಿತು. ಪಾಚಿ ಕಟ್ಟಿದ ಹೆಂಚಿನ ಮೇಲೆ ಹತ್ತಬೇಡಿ, ಜಾರಿ ಬಿದ್ದರೆ ಬದುಕುವುದೇ ಕಷ್ಟ. ಮೂಲೆ ಹೆಂಚು ಮತ್ತು ನೆತ್ತಿಯ ಕೆಲಸವನ್ನು ನಾವು ಅನುಭವಸ್ಥರಿಗೇ ಬಿಟ್ಟೆವು.

ಹೊಸ ಹೆಂಚು ತರುವಾಗ ಒಂದು ವಿಷಯ. ಒಂದು ಕಾರ್ಖಾನೆಯ ಹೆಂಚಿನ ತೋಡು ಇನ್ನೊಂದು ಕಾರ್ಖಾನೆಯದಕ್ಕೆ ಸರಿಯಾಗಿ ಕೂರುವುದಿಲ್ಲ. ಕೂತ ಹಾಗೆ ಕಾಣುತ್ತದೆ, ಗಾಳಿಮಳೆಗೆ ಸಂದಿಯಲ್ಲಿ ನೀರು ಒಳಗೆ ಬರುತ್ತದೆ. ನಿಮ್ಮ ಹೆಂಚಿನ ಹಿಂದೆ ಇರುವ ಅಚ್ಚು ನೋಡಿ, ಹಳೆ ಮನೆ ಕೆಡವುವ ಕಡೆ ಅದೇ ಅಚ್ಚಿನದು ಹುಡುಕಿ ತನ್ನಿ. ನಮ್ಮ ಮಾಡಿನಲ್ಲಿ ಕೆಲವು ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ) ಹೆಂಚುಗಳಿವೆ, 1865 ಅಂತ ಅಚ್ಚು ಇದೆ. ಮನೆ ಆಗಿನದು ಅಂತ ನೆಂಟರು ಹೇಳಿಕೊಂಡು ಬಂದಿದ್ದರು. ಅದು ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ, ಮನೆಯ ವಯಸ್ಸಲ್ಲ. ಆದರೂ ಆ ಹೆಂಚನ್ನು ಕೈಯಲ್ಲಿ ಹಿಡಿದಾಗ ನನಗೆ ಖುಷಿಯಾಯಿತು. ಎಷ್ಟು ಮಳೆ ತಿಂದಿದೆಯೋ ಏನೋ, ತಟ್ಟಿದರೆ ಇನ್ನೂ ಗಂಟೆಯ ಸದ್ದು ಬರುತ್ತದೆ. ಹೀಗೆ ಸದ್ದು ಬರುವ ಹೆಂಚು ಎಸೆಯಬೇಡಿ. ಮಂದವಾಗಿ ಡಬ್ ಅಂದರೆ ಒಳಗೆ ಬಿರುಕಿದೆ ಅಂತ ಅರ್ಥ.

ಮಾಡು ಆದ ಮೇಲೆ ಅಂಗಳ. ಹಳೆ ಮನೆಗಳ ಸುತ್ತ ವರ್ಷ ವರ್ಷ ಮಣ್ಣು, ಜಲ್ಲಿ, ಕಾಂಕ್ರೀಟ್ ಸುರಿದು ನೆಲ ಮೇಲೇರಿರುತ್ತದೆ. ಪಾಯದ ಕಲ್ಲು ಮುಚ್ಚಿಹೋಗಿ ಹೊರಗಿನ ಮಣ್ಣು ನೇರ ಗೋಡೆಗೆ ತಾಗಿಕೊಂಡಿರುತ್ತದೆ. ನಮ್ಮ ಹಿಂಬದಿಯಲ್ಲಿ ಹೀಗೇ ಆಗಿತ್ತು. ಗುದ್ದಲಿ ಹಿಡಿದು ಪಾಯದ ಕಲ್ಲು ಪೂರ್ತಿ ಕಾಣುವ ತನಕ ಅಗೆದೆವು. ಸೂರಿನ ನೀರು ಬೀಳುವ ಸಾಲಿಗೆ ದಪ್ಪ ಜಲ್ಲಿ ಹಾಕಿದೆವು, ಮಣ್ಣಿನ ಮೇಲೆ ಬಿದ್ದ ಹನಿ ಸಿಡಿದು ಗೋಡೆಯ ಕೆಳಗಿನ ಭಾಗ ನೆನೆಸುವುದು ಇದರಿಂದ ನಿಂತಿತು. ಅಲ್ಲಿಂದ ತೋಟದ ಚರಂಡಿಗೆ ಇಳಿಜಾರು ಕೊಟ್ಟೆವು. ಬರೆ (ಗುಡ್ಡದ ಕಡಿದಾದ ಬದಿ) ಪಕ್ಕದ ಮನೆಯಾದರೆ ಪಾಯದ ಹತ್ತಿರ ಆಳವಾಗಿ ಅಗೆಯುವ ಮುಂಚೆ, ಬರೆ ಕತ್ತರಿಸುವ ಮುಂಚೆ ತಿಳಿದವರನ್ನು ಕರೆದು ತೋರಿಸಿ. 2018ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡ ಜರಿದದ್ದನ್ನು ಕಣ್ಣಾರೆ ಕಂಡವರು ನಾವು.

ಈಗ ಗೋಡೆ. ನಾನು ಮುಖ್ಯವಾಗಿ ಹೇಳಬೇಕಾದದ್ದು ಇಲ್ಲೇ ಇದೆ.

ನಮ್ಮ ಪಡುವಣ ಗೋಡೆಗೆ ಮಾವನ ಕಾಲದಲ್ಲಿ ಯಾರೋ ಹೇಳಿದರು ಅಂತ ಸಿಮೆಂಟ್ ಸಾರಣೆ ಮಾಡಿಸಿದ್ದರು. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ಗಟ್ಟಿ ಅಲ್ವಾ, ಮಳೆಗೆ ತಡೆಯುತ್ತದೆ ಅಂತ. ಹೊರಗಿನಿಂದ ನೋಡಿದರೆ ಗೋಡೆ ಚೆನ್ನಾಗಿಯೇ ಇತ್ತು. ಒಳಗಿನ ಕೋಣೆಯಲ್ಲಿ ಮಾತ್ರ ಡಿಸೆಂಬರ್‌ನಲ್ಲೂ ಥಂಡಿ, ಬೂಷ್ಟಿನ ವಾಸನೆ, ಬಣ್ಣ ಗುಳ್ಳೆ ಎದ್ದು ಉದುರುವುದು. ಬೆರಳಲ್ಲಿ ತಟ್ಟುತ್ತಾ ಹೋದರೆ ಅಲ್ಲಲ್ಲಿ ಪೊಳ್ಳು ಸದ್ದು. ಉಳಿ ಇಟ್ಟು ಒಂದು ಕಡೆ ಎಬ್ಬಿಸಿದಾಗ ಸಿಮೆಂಟ್ ಹಲಗೆಯ ಹಾಗೆ ಬಿದ್ದುಹೋಯಿತು, ಹಿಂದಿನ ಮಣ್ಣು ಹಿಂಡಿದರೆ ಉಂಡೆಯಾಗುವಷ್ಟು ಒದ್ದೆ.

ಊರಿನ ಹಿರಿಯ ಮೇಸ್ತ್ರಿಯೊಬ್ಬರು ಬಂದು ನೋಡಿ ಹೇಳಿದರು: "ಅಕ್ಕಾ, ಮಣ್ಣಿನ ಗೋಡೆ ನೀರು ಕುಡಿದೇ ಕುಡಿಯುತ್ತದೆ. ಕುಡಿದದ್ದು ಹೊರಗೆ ಬರಲಿಕ್ಕೆ ಬಿಡಬೇಕು. ಸಿಮೆಂಟ್ ಬಿಡುವುದಿಲ್ಲ."

ವಿಷಯ ಅಷ್ಟೇ. ಸಿಮೆಂಟ್ ಗಡುಸು, ಮಣ್ಣು ಮೆದು. ಬಿಸಿಲು ಮಳೆಗೆ ಎರಡೂ ಬೇರೆ ಬೇರೆ ಹಾಗೆ ಹಿಗ್ಗಿ ಕುಗ್ಗುತ್ತವೆ, ಸಿಮೆಂಟಿನಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಆ ಬಿರುಕಿನಿಂದ ಮಳೆನೀರು ಒಳಗೆ ಇಳಿಯುತ್ತದೆ. ಒಳಗೆ ಹೋದ ತೇವ ಆವಿಯಾಗಿ ಹೊರಗೆ ಬರಬೇಕಾದರೆ ಸಿಮೆಂಟ್ ಅಡ್ಡ. ವಾಟರ್‌ಪ್ರೂಫ್ ಪೇಂಟ್, ಪುಟ್ಟಿ, ಪ್ಲಾಸ್ಟಿಕ್ ಎಮಲ್ಷನ್ ಬಳಿದರೂ ಇದೇ ಕಥೆ. ಮಣ್ಣಿನ ಗೋಡೆಗೆ ಮಣ್ಣಿನ ಸಾರಣೆ, ಅದರ ಮೇಲೆ ಸುಣ್ಣದ ಗಾರೆ, ಮೇಲೆ ಸುಣ್ಣದ ನೀರು. ನಮ್ಮ ಹಿರಿಯರು ಮಾಡುತ್ತಿದ್ದದ್ದು ಇದನ್ನೇ, ಇಲ್ಲಿನ ಮಳೆಗೆ ಹೊಂದುವುದೂ ಇದೇ.

ಸಿಮೆಂಟ್ ಪೂರ್ತಿ ತೆಗೆದು ಗೋಡೆಯನ್ನು ಬರಿಮೈಯಲ್ಲಿ ಒಣಗಲು ಬಿಟ್ಟೆವು. ಇಲ್ಲಿ ಆತುರ ಬೇಡ. ಆ ಹೊತ್ತಿನಲ್ಲಿ ಮಣ್ಣು ಪರೀಕ್ಷೆ ಮಾಡಿಕೊಳ್ಳಿ. ಗಾಜಿನ ಬಾಟಲಿಗೆ ಮೂರರಲ್ಲಿ ಒಂದು ಪಾಲು ಮಣ್ಣು ಹಾಕಿ, ನೀರು ತುಂಬಿಸಿ, ಚೆನ್ನಾಗಿ ಕುಲುಕಿ ಒಂದು ದಿನ ಬಿಡಿ. ಮರಳು ತಳದಲ್ಲಿ, ನಯವಾದ ಜೇಡಿ ಮೇಲೆ ಪದರ ಪದರವಾಗಿ ಕೂರುತ್ತದೆ. ಜೇಡಿ ಜಾಸ್ತಿ ಇದ್ದರೆ ಸಾರಣೆ ಬಿರಿಯುತ್ತದೆ, ಮರಳು ಸೇರಿಸಬೇಕು. ಮಣ್ಣಿಗೆ ಸಣ್ಣಗೆ ಕತ್ತರಿಸಿದ ಭತ್ತದ ಹುಲ್ಲು ಸೇರಿಸಿ ತುಳಿದು, ಕೆಲವು ದಿನ ಕೊಳೆಯಲು ಬಿಟ್ಟು, ಆಮೇಲೆ ಗೋಡೆಗೆ ನೀರು ಚಿಮುಕಿಸಿ ತೆಳುವಾಗಿ ಸಾರಿಸಿದೆವು. ದಪ್ಪ ಬೇಕಾದ ಕಡೆ ಒಂದೇ ಸಲ ಮೆತ್ತಬಾರದು, ಒಂದು ಪದರ ಒಣಗಿದ ಮೇಲೆ ಇನ್ನೊಂದು.

ಸುಣ್ಣ ಬೇಯಿಸುವಾಗ ಹುಷಾರು. ಸುಟ್ಟ ಸುಣ್ಣದ ಗಟ್ಟಿಯನ್ನು ನೀರಿಗೆ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ಕುದಿಯುವಷ್ಟು ಬಿಸಿಯಾಗುವುದರಿಂದ ಕಬ್ಬಿಣದ ಡ್ರಮ್ ಬಳಸಿ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇಲ್ಲದೆ ಹತ್ತಿರ ಹೋಗಬೇಡಿ, ಮಕ್ಕಳನ್ನು ಅಂಗಳಕ್ಕೇ ಬಿಡಬೇಡಿ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ತಣ್ಣಗಾದ ಸುಣ್ಣವನ್ನು ಸೋಸಿ, ಮೇಲೆ ನೀರು ನಿಲ್ಲಿಸಿ ವಾರಗಟ್ಟಲೆ ಇಟ್ಟರೆ ಬೆಣ್ಣೆಯಂತೆ ಆಗುತ್ತದೆ, ಇಟ್ಟಷ್ಟೂ ಒಳ್ಳೆಯದು. ಗಾರೆಗೆ ಒಂದು ಪಾಲು ಈ ಸುಣ್ಣ, ಮೂರು ಪಾಲು ಮರಳು. ಮೇಸ್ತ್ರಿ ಅಳಲೆಕಾಯಿ ನೆನೆಸಿದ ನೀರು ಮತ್ತು ಬೆಲ್ಲ ಸೇರಿಸಿದರು. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು, ನಿಧಾನವಾಗಿ. ಅದಕ್ಕೇ ದಿನಾ ನೀರು ಚಿಮುಕಿಸಿ ಹಸಿಯಾಗಿಡಬೇಕು, ಬಿಸಿಲಿಗೆ ಗೋಣಿ ಕಟ್ಟಬೇಕು, ಮತ್ತು ಫೆಬ್ರವರಿ ಒಳಗೆ ಮುಗಿಸಿದರೆ ಮಳೆಗೆ ಮೊದಲು ಗಟ್ಟಿಯಾಗಲು ಸಮಯ ಸಿಗುತ್ತದೆ.

ಮೇಲೆ ಬಳಿಯುವ ಸುಣ್ಣ ಹಾಲಿನಷ್ಟು ತೆಳ್ಳಗಿರಲಿ. ಬಳಿದಾಗ ಏನೂ ಕಾಣುವುದಿಲ್ಲ, ಒಣಗಿದ ಮೇಲೆ ಬೆಳ್ಳಗೆ ಬರುತ್ತದೆ. ಕಾಣುತ್ತಿಲ್ಲ ಅಂತ ದಪ್ಪ ಬಳಿದರೆ ಮೈಕೈಗೆಲ್ಲ ಹತ್ತುತ್ತದೆ. ತೆಳುವಾಗಿ ನಾಲ್ಕೈದು ಸಲ ಬಳಿಯಿರಿ. ಬಣ್ಣ ಬೇಕಿದ್ದರೆ ಕೆಂಪು, ಹಳದಿ ಕಾವಿಯಂಥ ಮಣ್ಣಿನ ಬಣ್ಣ ಸೇರಿಸಿ, ಎಲ್ಲ ಬಣ್ಣವೂ ಸುಣ್ಣದ ಜೊತೆ ಉಳಿಯುವುದಿಲ್ಲ. ನಾವು ಒಳಕೋಣೆಗೆ ಚೂರು ಹಳದಿ ಸೇರಿಸಿದೆವು. ಸಂಜೆ ದೀಪ ಹಚ್ಚಿದಾಗ ಆ ಗೋಡೆಗೆ ಬರುವ ಮೃದು ಬೆಳಕು ಯಾವ ದುಬಾರಿ ಪೇಂಟಿನಲ್ಲೂ ನಾನು ಕಂಡಿಲ್ಲ. ಮುಂದಿನ ಮಳೆಗಾಲ ಅದೇ ಕೋಣೆಯಲ್ಲಿ ಬೂಷ್ಟಿನ ವಾಸನೆ ಇರಲಿಲ್ಲ.

ಮರದ ಕೆಲಸ ಇಷ್ಟು ಕಷ್ಟ ಇಲ್ಲ. ಪಕಾಸಿ (ರೀಪು ಹೊರುವ ಮರ), ರೀಪು, ಬಾಗಿಲ ಚೌಕಟ್ಟನ್ನು ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ, ಒಳಗೆ ಇಳಿದರೆ ಗೆದ್ದಲು ತಿಂದಿದೆ. ಮೊದಲೆಲ್ಲ ಒಲೆಯ ಹೊಗೆ ಅಟ್ಟಕ್ಕೆ ಹೋಗಿ ಮರ ಕಾಯುತ್ತಿತ್ತು, ಗ್ಯಾಸ್ ಬಂದ ಮೇಲೆ ಮರ ಕೊರೆಯುವ ಕುಟ್ಟೆ ಹುಳು ಜಾಸ್ತಿ. ನಾವು ಮಾಡಿನ ಮರಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿದೆವು. ಅದು ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಗುಳ್ಳೆ ಏಳುತ್ತದೆ, ಪೂರ್ತಿ ತೋಳಿನ ಅಂಗಿ, ಗ್ಲೌಸ್ ಬೇಕೇ ಬೇಕು. ಬಾಗಿಲಿಗೆ ಅಗಸೆ ಎಣ್ಣೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳುತ್ತದೆ. ನೀರಲ್ಲಿ ಅದ್ದಿ, ಬಿಡಿಸಿ ಹೊರಗೆ ಹಾಕಿ.

ಬಾಗಿಲು ಕಿಟಕಿಗೆ ಹಳೆ ಆಯಿಲ್ ಪೇಂಟ್ ಇದ್ದರೆ ಒಣ ಸ್ಯಾಂಡ್ ಪೇಪರ್ ಹಿಡಿಯಬೇಡಿ. ಹಳೆ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಆ ಧೂಳು ಮಕ್ಕಳ ಮಿದುಳಿಗೆ ಕೆಟ್ಟದ್ದು. ನೀರು ಹಚ್ಚಿ ಒದ್ದೆಯಾಗಿ ಉಜ್ಜಿ, ಮಾಸ್ಕ್ ಹಾಕಿ, ಉದುರಿದ್ದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ತೆಗೆಯಿರಿ. ವೈರಿಂಗ್ ಮಾತ್ರ ನಾವು ಮುಟ್ಟಲೇ ಇಲ್ಲ. ಮರದ ಪಟ್ಟಿಯ ಮೇಲಿನ ಹಳೆ ವೈರಿಂಗ್, ಅರ್ಥಿಂಗ್ ಇಲ್ಲ, ಮಳೆಗಾಲದ ಒದ್ದೆ ಗೋಡೆ. ಲೈಸೆನ್ಸ್ ಇರುವವರಿಂದ ಪೂರ್ತಿ ಬದಲಿಸಿ, ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿಯೇ ಆಫ್ ಆಗುವ ಸ್ವಿಚ್) ಹಾಕಿಸಿದೆವು.

ಕೆಂಪು ನೆಲದ ಮೇಲೆ ವಿಟ್ರಿಫೈಡ್ ಟೈಲ್ಸ್ ಹಾಕಿಸಿ ಅಂದವರು ಬಹಳ ಜನ. ಬೇಡ. ನೆಲದ ತೇವಕ್ಕೆ ಮೇಲೆ ಬರುವ ದಾರಿ ಮುಚ್ಚಿದರೆ ಅದು ಗೋಡೆ ಹತ್ತುತ್ತದೆ. ಸೋಪು ನೀರಲ್ಲಿ ತೊಳೆದು, ಒಣಗಿಸಿ, ಜೇನುಮೇಣ ಹಚ್ಚಿ ಉಜ್ಜಿದರೆ ಸಾಕು, ಆಸಿಡ್ ಮಾತ್ರ ಹಾಕಬೇಡಿ.

ಅಲಂಕಾರಕ್ಕೆ ನಾವು ಖರ್ಚು ಮಾಡಿದ್ದು ಕಡಿಮೆ. ತುಂಬಾ ಬದಲಾವಣೆ ತಂದದ್ದು ಗಾಜಿನ ಹೆಂಚು. ಅಡಿಗೆಮನೆ ಮತ್ತು ನಡುಕೋಣೆಯ ಮಾಡಿನಲ್ಲಿ ಒಂದೆರಡು ಮಣ್ಣಿನ ಹೆಂಚಿನ ಜಾಗದಲ್ಲಿ ಗಾಜಿನದು ಕೂರಿಸಿದೆವು, ಹಗಲು ದೀಪವೇ ಬೇಡ. ಐನ್‌ಮನೆಗಳಲ್ಲಿ ಕಂಬದ ನಡುವೆ ಕೂರಲು ಅಗಲ ಹಲಗೆ ಇರುತ್ತದಲ್ಲ, ಐಮರ ಅಂತಾರೆ, ಹಾಗೆ ನಮ್ಮ ಜಗಲಿಗೂ ಹಳೆ ಹಲಸಿನ ಹಲಗೆ ಹಾಕಿದೆವು. ಅತ್ತೆ ಈಗ ಮೆಣಸು ಬಿಡಿಸುವುದೂ ಅಲ್ಲೇ, ಫೋನಲ್ಲಿ ಮಾತಾಡುವುದೂ ಅಲ್ಲೇ. ಬೀರು, ಮಂಚವನ್ನು ಗೋಡೆಯಿಂದ ಒಂದು ಗೇಣು ದೂರ ಇಟ್ಟಿದ್ದೇವೆ, ಗಾಳಿ ಆಡಿದರೆ ಬೂಷ್ಟು ಬರುವುದಿಲ್ಲ.

ಇನ್ನು ಉಳಿದಿರುವುದು ಬಚ್ಚಲಿನ ಮೇಲಿನ ಹಳೆ ಕಲ್ನಾರಿನ (ಆಸ್ಬೆಸ್ಟಾಸ್) ಶೀಟು. ಅದನ್ನು ಕೊರೆಯುವುದು, ಒಡೆಯುವುದು, ಉಜ್ಜಿ ತೊಳೆಯುವುದು ಯಾವುದೂ ಮಾಡಬಾರದು, ಎಳೆ ಗಾಳಿಗೆ ಬಂದು ಶ್ವಾಸಕೋಶ ಸೇರುತ್ತದೆ. ಅದಕ್ಕೇ ಇಡಿಯಾಗಿ, ಒದ್ದೆ ಮಾಡಿ ಇಳಿಸುವವರನ್ನು ಹುಡುಕುತ್ತಿದ್ದೇವೆ. ಆ ಜಾಗಕ್ಕೂ ಹೆಂಚೇ. ಹಾಗೇ ಕರಾವಳಿ ಕಡೆಯಿಂದ ಒಳ್ಳೆ ಚಿಪ್ಪಿನ ಸುಣ್ಣ ತರಿಸುವ ದಾರಿ ಯಾರಿಗಾದರೂ ಗೊತ್ತಿದ್ದರೆ ಹೇಳಿ, ಹುತ್ತರಿ ಕಳೆದ ಮೇಲೆ ಉತ್ತರದ ಗೋಡೆಗೆ ಕೈ ಹಾಕಬೇಕು.